ಕುಂಡಲಿಗನ ಗೂಡು ಮತ್ತು ಜಾನ್ ರೇ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಸೂಚಿಸಿದಾಗ ಅವರ ಮನಸ್ಸಿನಲ್ಲಿ ಇದ್ದುದು ಷಟ್ಪದಿಯ ವಿಚಾರವೋ ಹಳಗನ್ನಡ ವ್ಯಾಕರಣದ ವಿಚಾರವೋ ಆಗಿದ್ದಿರಬೇಕು. ಕನ್ನಡ ಪಂಡಿತನ ಲೇಖನಿಯಿಂದ ಕೀಟಗಳ ಮಾತನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೂ ಈ ಸಲ ಇಂಗ್ಲೆಂಡಿನ ಒಬ್ಬ ಕೀಟಪರೀಕ್ಷಕನನ್ನು ಕುರಿತು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಪಾಠದಲ್ಲಿ ಭ್ರಮರಕೀಟನ್ಯಾಯದ ಪ್ರಸಂಗ ಬಂದಿತು. ವಾಚಕರಿಗೆ ಅದು ತಿಳಿದದ್ದೇ. ಮಣ್ಣಿನ ಗೂಡು ಕಟ್ಟುವ ಕುಂಡಲಿಗವು ಒಂದು ಕೀಡೆಯನ್ನು ತಂದು ಗೂಡಿನೊಳಗಿಟ್ಟು ಬಾಯಿ ಮುಚ್ಚುತ್ತದೆ. ಅದರ ಝೇಂಕಾರವನ್ನು ಕೇಳುತ್ತ, ಅದನ್ನೇ ಧ್ಯಾನಿಸುತ್ತ ಕೀಡೆಯು ತಾನೂ ಕುಂಡಲಿಗವೇ ಆಗಿ ಹೊರಬರುತ್ತದೆ. ಧ್ಯಾನದಿಂದ ಧ್ಯೇಯವೇ ತಾನಾಗುವುದಕ್ಕೆ ವೇದಾಂತಿಗಳು ಈ ನ್ಯಾಯವನ್ನು ಹೇಳುತ್ತಾರೆ; ನಮ್ಮ ವಚನಗಳಲ್ಲಿಯೂ ಕೀಡೆ ಕುಂಡಲಿಗಗಳ ದೃಷ್ಟಾಂತ ಬಂದಿದೆ. ಇಪ್ಪತ್ತೈದು ವರ್ಷ ನಾನು ಹೇಳಿದಂತೆಯೇ ಆ ದಿನವೂ ಹೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಗುರುಗಳೇ, ಒಳಗಿನ ಹುಳ ಕಣಜ ಆಗಂಗಿಲ್ರೀ, ಅದನ್ನ ಬ್ಯಾರೆ ಮರಿ ತಿಂತೈತ್ರೀ" ಎಂದನು. ತರಗತಿ ನಕ್ಕಿತು. "ಹಿರಿಯರಿಗಿಂತ ನೀನು ಹೆಚ್ಚು ಬಲ್ಲೆಯೋ? ಕುಳಿತುಕೋ" ಎಂದು ಗದರಿಸಿದೆನು. ಅವನು ಕುಳಿತುಕೊಂಡನು.

ಮರುದಿನ ಅವನು ಒಂದು ಮಣ್ಣಿನ ಗೂಡನ್ನು ಕಾಗದದಲ್ಲಿ ಸುತ್ತಿಕೊಂಡು ತಂದಿದ್ದನು. ನನಗೆ ತೋರಿಸಲು ಧೈರ್ಯ ಸಾಲದೆ ವಿಜ್ಞಾನದ ಅಧ್ಯಾಪಕರ ಕೈಗೆ ಕೊಟ್ಟಿದ್ದನು. ಅವರು ವಿರಾಮದ ಹೊತ್ತಿನಲ್ಲಿ ನನ್ನನ್ನು ಕರೆದು ಅದನ್ನು ಒಡೆದು ತೋರಿಸಿದರು. ಒಳಗೆ ಏಳೆಂಟು ಹಸಿರು ಕೀಡೆಗಳು ಮುದುಡಿ ಬಿದ್ದಿದ್ದವು. ಸತ್ತಿರಲಿಲ್ಲ, ಸೂಜಿಯ ಮೊನೆ ತಾಗಿಸಿದರೆ ಸ್ವಲ್ಪ ಮಿಸುಕುತ್ತಿದ್ದವು. ಅವುಗಳ ನಡುವೆ ಬೆಳ್ಳಗಿನ ಒಂದು ಮರಿಹುಳು ಒಂದು ಕೀಡೆಗೆ ಬಾಯಿಟ್ಟು ತಿನ್ನುತ್ತಿತ್ತು. ತಾಯಿ ಕಣಜವು ಗೂಡಿನ ಚಾವಣಿಗೆ ನೂಲಿನಂಥ ಎಳೆಯಲ್ಲಿ ಮೊಟ್ಟೆಯನ್ನು ತೂಗುಬಿಟ್ಟು, ಕೀಡೆಗಳನ್ನು ಕೊಂಡಿಯಿಂದ ಚುಚ್ಚಿ ನಿಶ್ಚೇಷ್ಟಗೊಳಿಸಿ ತುಂಬಿ, ಬಾಯಿ ಮುಚ್ಚಿ ಹೋಗುತ್ತದೆಯೆಂದೂ, ಕೀಡೆಗಳು ಮರಿಗೆ ಇಟ್ಟ ಬುತ್ತಿಯೆಂದೂ ಅವರು ವಿವರಿಸಿದರು. ನಾನು ಮಾತನಾಡಲಿಲ್ಲ. ಅವರೇ, "ಪಂಡಿತರೇ, ಬೇಸರ ಬೇಡ. ಇಂಥದೇ ತಪ್ಪನ್ನು ನಿಮಗಿಂತ ದೊಡ್ಡವನೊಬ್ಬ ಅಚ್ಚು ಹಾಕಿಸಿ, ಆಮೇಲೆ ತಿದ್ದಿಕೊಂಡಿದ್ದಾನೆ" ಎಂದು ಜಾನ್ ರೇ ಎಂಬುವನ ಹೆಸರನ್ನು ಹೇಳಿದರು. ಅಲ್ಲಿಂದ ಮುಂದೆ ಅವನ ವಿಚಾರವಾಗಿ ಸಿಕ್ಕಿದುದನ್ನೆಲ್ಲ ಓದುತ್ತ ಬಂದಿದ್ದೇನೆ.

ಜಾನ್ ರೇ 1627ರ ನವೆಂಬರಿನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಬ್ಲ್ಯಾಕ್ ನಾಟ್ಲಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಕಮ್ಮಾರ. ತಾಯಿ ಗಿಡಮೂಲಿಕೆಗಳನ್ನು ಬಲ್ಲ ಹೆಂಗಸು. ನೆರೆಹೊರೆಯವರ ಕಾಯಿಲೆ ಕಸಾಲೆಗಳಿಗೆ ಮದ್ದು ಕೊಡುತ್ತಿದ್ದವಳು. ಹತ್ತಿರದ ಬ್ರೈನ್‌ಟ್ರಿ ಊರಿನ ಶಾಲೆಯಲ್ಲಿ ಓದಿದ ಈ ಹುಡುಗನನ್ನು ಕೇಂಬ್ರಿಜ್‌ಗೆ ಕಳುಹಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ಬಡ ವಿದ್ಯಾರ್ಥಿಗಳ ಓದಿಗೆಂದು ಯಾರೋ ಪುಣ್ಯಾತ್ಮರು ಉಯಿಲಿನಲ್ಲಿ ಬಿಟ್ಟುಹೋಗಿದ್ದ ದತ್ತಿ ಅಲ್ಲಿನ ಪಾದ್ರಿಯ ಪ್ರಯತ್ನದಿಂದ ಇವನಿಗೆ ಒದಗಿತು. 1644ರಲ್ಲಿ ಅವನು ಕೇಂಬ್ರಿಜ್ ಸೇರಿದನು. ದತ್ತಿ ಬಿಟ್ಟವರು ಆ ಹಣದಿಂದ ಏನು ಆಗಲಿದೆಯೆಂಬುದನ್ನು ಕಾಣಲು ಬದುಕಿರಲಿಲ್ಲ. ನಮ್ಮ ಪ್ರಸಾದನಿಲಯಕ್ಕೆ ಜೋಳದ ಚೀಲಗಳನ್ನು ಕಳುಹಿಸುವ ಮಹನೀಯರಿಗೆ ಈ ಸಂಗತಿ ರುಚಿಸಬಹುದೆಂದು ಇಲ್ಲಿ ಹೇಳಿದ್ದೇನೆ.

ಟ್ರಿನಿಟಿ ಕಾಲೇಜಿನಲ್ಲಿ ಅವನು 1649ರಲ್ಲಿ ಫೆಲೋ ಆದನು. ಗ್ರೀಕ್ ಭಾಷೆಯನ್ನೂ ಗಣಿತವನ್ನೂ ಬೋಧಿಸಿದನು. ಒಮ್ಮೆ ಕಾಯಿಲೆ ಬಿದ್ದು, ವಿಶ್ರಾಂತಿಗೆಂದು ಹೊಲಗದ್ದೆಗಳಲ್ಲಿ ಅಡ್ಡಾಡತೊಡಗಿದಾಗ ಕಾಲಡಿಯ ಗಿಡಗಳು ಕಣ್ಣಿಗೆ ಬಿದ್ದವು. ಆ ಗಿಡಗಳ ಹೆಸರನ್ನು ಹೇಳಿಕೊಡಬಲ್ಲವರು ಆ ವಿದ್ಯಾಪೀಠದಲ್ಲಿ ಇರಲಿಲ್ಲ. ತಾನೇ ಹುಡುಕಿ, ಗುರುತಿಸಿ, 1660ರಲ್ಲಿ ಕೇಂಬ್ರಿಜ್ ಸುತ್ತಮುತ್ತಲಿನ ಸಸ್ಯಗಳ ಪಟ್ಟಿಯೊಂದನ್ನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದನು. ಆ ಪುಸ್ತಕದಲ್ಲಿಯೇ ಅವನ ತಪ್ಪೂ ಇದೆ.

ಕೋಸುಗಡ್ಡೆಯ ಜಾತಿಯ ಗಿಡಗಳನ್ನು ತಿನ್ನುವ ಕೆಲವು ಕಂಬಳಿಹುಳುಗಳನ್ನು ಅವನು ಒಂದು ಮರದ ಪೆಟ್ಟಿಗೆಯಲ್ಲಿ ಹಾಕಿ ಸಾಕಿದನು. ಅವುಗಳಲ್ಲಿ ಕೆಲವು ಕ್ರಮವಾಗಿ ಕೋಶಾವಸ್ಥೆಗೆ ಹೋಗಿ ಚಿಟ್ಟೆಗಳಾದವು. ಉಳಿದವುಗಳ ಮೈಯಿಂದಲಾದರೋ ಸಣ್ಣ ಸಣ್ಣ ಹುಳುಗಳು ಗುಂಪುಗುಂಪಾಗಿ ಹೊರಬಂದು, ಅಲ್ಲಿಯೇ ರೇಷ್ಮೆಯಂಥ ಗೂಡುಗಳನ್ನು ನೇಯ್ದುಕೊಂಡು, ಕಡೆಗೆ ನೊಣದಂಥ ರೆಕ್ಕೆಯ ಪ್ರಾಣಿಗಳಾಗಿ ಹಾರಿದವು. ಕಂಬಳಿಹುಳುವೇ ಇವುಗಳನ್ನು ಹೆತ್ತಿತೆಂದು ಅವನು ತಿಳಿದನು, ಹಾಗೆಯೇ ಬರೆದನು. ಒಂದೇ ಜಾತಿಯ ಹುಳು ಒಮ್ಮೆ ಚಿಟ್ಟೆಯಾಗುವುದು, ಒಮ್ಮೆ ನೊಣಗಳನ್ನು ಹೆರುವುದು ಎಂದರೆ ನಮ್ಮ ಕೀಡೆ ಕುಂಡಲಿಗವಾದ ಕಥೆಗಿಂತ ಇದೇನು ಕಡಿಮೆ ಆಶ್ಚರ್ಯದ್ದಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ರೇ ಕಂಡದ್ದೆಲ್ಲ ನಿಜ. ಹುಳು ಇತ್ತು, ಮರಿಗಳು ಬಂದವು, ಗೂಡು ನೇಯ್ದವು, ಹಾರಿದವು. ನಮ್ಮ ಹಿರಿಯರು ಕಂಡದ್ದೂ ನಿಜವೇ. ಕಣಜ ಕೀಡೆಯನ್ನು ಹೊತ್ತು ತಂದಿತು, ಮುಚ್ಚಿತು, ದಿನ ಕಳೆದ ಮೇಲೆ ಅಲ್ಲಿಂದ ಕಣಜವೇ ಹೊರಬಂದಿತು. ಎರಡು ಕಡೆಯೂ ಕಣ್ಣಿಗೆ ಮರೆಯಾಗಿದ್ದುದು ನಡುವಿನ ಒಂದು ಹೆಜ್ಜೆ ಮಾತ್ರ. ಅದನ್ನು ಊಹೆ ತುಂಬಿತು.

ರೇ ಆ ಹೆಜ್ಜೆಯನ್ನು ಬಿಟ್ಟುಬಿಡಲಿಲ್ಲ. ಅವನ ಶಿಷ್ಯನೂ ಮಿತ್ರನೂ ಆದ ಫ್ರಾನ್ಸಿಸ್ ವಿಲ್ಲಬಿ ಎಂಬ ಸಿರಿವಂತ ತರುಣನೊಡನೆ ಸೇರಿ ವರ್ಷಗಟ್ಟಲೆ ಹುಳುಗಳನ್ನು ಸಾಕಿ ನೋಡಿದನು. 1667ರಲ್ಲಿ ಒಂದು ದಿನ ಕಣಜವೊಂದು ತನಗಿಂತ ಮೂರು ಪಟ್ಟು ದೊಡ್ಡದಾದ ಹಸಿರು ಕೀಡೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವುದು ಅವನ ಕಣ್ಣಿಗೆ ಬಿದ್ದಿತು. ಅದು ಮೊದಲೇ ತೋಡಿಟ್ಟ ಬಿಲದ ಬಾಯಿಯಿಂದ ಮಣ್ಣಿನ ಉಂಡೆಯನ್ನು ತೆಗೆದು, ಒಳಗಿಳಿದು ಬಂದು, ಕೀಡೆಯನ್ನು ಒಳಕ್ಕೆ ಸೆಳೆದುಕೊಂಡು, ಮತ್ತೆ ಮೇಲೆ ಬಂದು ಬಿಲವನ್ನು ಮುಚ್ಚಿ, ನಾಯಿ ಕೆರೆಯುವಂತೆ ಕಾಲಿನಿಂದ ಧೂಳನ್ನು ಕೆರೆದು ತುಂಬಿ, ನೆಲವನ್ನು ಸಮ ಮಾಡಿತು. ಗುರುತಿಗೋ ಎಂಬಂತೆ ಪೈನ್ ಮರದ ಎಲೆಗಳೆರಡನ್ನು ತಂದು ಹತ್ತಿರದಲ್ಲಿ ಇಟ್ಟಿತು. ಇದನ್ನೆಲ್ಲ ಅವನು ನಿಂತು ಕಡೆಯವರೆಗೂ ನೋಡಿ ಬರೆದಿಟ್ಟಿದ್ದಾನೆ. ನಮ್ಮ ಗೋಡೆಯ ಮೇಲಿನ ಕುಂಡಲಿಗಕ್ಕೆ ಇದು ಅಣ್ಣನೋ ತಮ್ಮನೋ ಆಗಬೇಕು. ಒಂದು ಮಣ್ಣಿನ ಮಡಕೆ ಕಟ್ಟುತ್ತದೆ, ಇನ್ನೊಂದು ಬಿಲ ತೋಡುತ್ತದೆ, ಅಷ್ಟೇ ಭೇದ.

ಕೋಸಿನ ಹುಳುವಿನ ಪ್ರಸಂಗವಾದರೆ ಬೇರೆ. ಅಲ್ಲಿ ಗೂಡಿಲ್ಲ. ಸಣ್ಣ ಕಣಜವೊಂದು ತನ್ನ ಸೂಜಿಯಂಥ ನಾಳದಿಂದ ಬದುಕಿರುವ ಹುಳುವಿನ ಮೈಯನ್ನೇ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮರಿಗಳು ಒಳಗೇ ತಿಂದು ಬೆಳೆದು ಚರ್ಮವನ್ನು ಕೊರೆದು ಹೊರಬರುತ್ತವೆ. ಈ ಸರಿಯಾದ ವಿವರಣೆಯನ್ನು ರೇ ತನ್ನ ಕೊನೆಯ ಗ್ರಂಥವಾದ ಕೀಟಚರಿತ್ರೆಯಲ್ಲಿ ಬರೆದನು. ಹುಳುಗಳು ಹೆತ್ತದ್ದಲ್ಲ, ಅತಿಥಿಗಳಿಗೆ ಆಹಾರವಾದದ್ದು. ತಾನು ಹಿಂದೆ ಬರೆದದ್ದನ್ನು ತಾನೇ ಅಲ್ಲಗಳೆಯಲು ಆ ವಿದ್ವಾಂಸನಿಗೆ ಸಂಕೋಚವಾಗಲಿಲ್ಲ. ನನಗಾದರೋ ಒಬ್ಬ ಹುಡುಗನ ಮುಂದೆ "ನೀನು ಹೇಳಿದ್ದು ಸರಿ" ಎನ್ನಲು ಎಂಟು ದಿನ ಹಿಡಿಯಿತು.

ರೇಯ ಕಾಲದಲ್ಲಿ ಹುಳುಗಳು ಕೆಸರಿನಿಂದ, ಕೊಳೆತ ಮಾಂಸದಿಂದ, ಇಬ್ಬನಿಯಿಂದ ತಾವಾಗಿಯೇ ಹುಟ್ಟುತ್ತವೆಂಬುದು ಯೂರೋಪಿನ ಪಂಡಿತರಲ್ಲಿಯೂ ರೂಢಿಯಾಗಿದ್ದ ನಂಬಿಕೆ. ಸ್ವೇದಜವೆಂಬ ಮಾತು ನಮ್ಮಲ್ಲಿಯೂ ಉಂಟಷ್ಟೆ. ಇಟಲಿಯ ರೆಡಿ ಎಂಬುವನು 1668ರಲ್ಲಿ, ಬಟ್ಟೆ ಮುಚ್ಚಿದ ಪಾತ್ರೆಯ ಮಾಂಸದಲ್ಲಿ ಹುಳು ಬೀಳುವುದಿಲ್ಲವೆಂದು ತೋರಿಸಿದನು. ರೇ ಆ ಪಕ್ಷವನ್ನು ದೃಢವಾಗಿ ಹಿಡಿದನು. ಕೀಟಗಳನ್ನು ವಿಭಾಗಿಸುವಾಗ ಹಾಲೆಂಡಿನ ಸ್ವಾಮರ್‌ಡಾಮ್ ತೋರಿದ ದಾರಿಯಲ್ಲಿ, ರೂಪಾಂತರ ಹೊಂದುವವು, ಹೊಂದದವು ಎಂಬುದನ್ನೇ ಮೊದಲ ಭೇದವಾಗಿ ಮಾಡಿದನು. ಅವನ ಲೆಕ್ಕದಲ್ಲಿ ಎರೆಹುಳು, ಜಿಗಣೆ, ಜೇಡ, ಚೇಳು ಎಲ್ಲವೂ ಕೀಟಗಳೇ. ಕಾಲಿಲ್ಲದವು, ಆರು ಕಾಲಿನವು, ಎಂಟು ಕಾಲಿನವು, ಹದಿನಾಲ್ಕು ಕಾಲಿನವು, ಬಹುಪಾದಗಳು ಎಂದು ಅವನು ಎಣಿಸುತ್ತ ಹೋಗುವುದನ್ನು ಓದಿದಾಗ ಛಂದಸ್ಸಿನ ಪಾಠ ನೆನಪಾಯಿತು. ಆರು ಕಾಲಿನ ದುಂಬಿಗೆ ಷಟ್ಪದವೆಂದೂ ಆರು ಸಾಲಿನ ಪದ್ಯಕ್ಕೆ ಷಟ್ಪದಿಯೆಂದೂ ಹೆಸರಿಟ್ಟವರು ನಾವು. ಆದರೆ ಆ ಆರು ಕಾಲುಗಳು ಮೈಯ ಯಾವ ಭಾಗದಿಂದ ಹೊರಡುತ್ತವೆಯೆಂದು ಕೇಳಿದರೆ ನನ್ನಂಥ ಎಷ್ಟು ಪಂಡಿತರು ಹೇಳಿಯಾರು?

ವಿಲ್ಲಬಿ 1672ರಲ್ಲಿ ಮೂವತ್ತಾರನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಸಾಯುವಾಗ ರೇಗೆ ವರ್ಷಕ್ಕೆ ಅರುವತ್ತು ಪೌಂಡುಗಳ ವರ್ಷಾಶನವನ್ನು ಬಿಟ್ಟುಹೋದನು. ರೇ ಬದುಕಿದ್ದು ಬಹುಮಟ್ಟಿಗೆ ಅದರಲ್ಲಿಯೇ. ಋಣ ತೀರಿಸುವಂತೆ ಅವನು ಗೆಳೆಯನ ಪಕ್ಷಿಗಳ ಗ್ರಂಥವನ್ನು 1676ರಲ್ಲಿ, ಮೀನುಗಳ ಗ್ರಂಥವನ್ನು 1686ರಲ್ಲಿ, ತನ್ನ ಶ್ರಮವೇ ಹೆಚ್ಚಾಗಿದ್ದರೂ ಗೆಳೆಯನ ಹೆಸರಿನಲ್ಲಿಯೇ ಪ್ರಕಟವಾಗುವಂತೆ ಮಾಡಿದನು. ಮೀನಿನ ಪುಸ್ತಕದ ವಿಚಾರ ಬಂದದ್ದರಿಂದ, ನಮ್ಮ ಪ್ರಕಟಣ ಸಮಿತಿಯ ಖಜಾಂಚಿಗಳಿಗಾಗಿ ಒಂದು ಮಾತು. ಆ ಸಚಿತ್ರ ಗ್ರಂಥಕ್ಕೆ ಲಂಡನ್ನಿನ ರಾಯಲ್ ಸೊಸೈಟಿ ಹಣವನ್ನೆಲ್ಲ ಸುರಿಯಿತು; ಪುಸ್ತಕ ಖರ್ಚಾಗಲಿಲ್ಲ. ಮರುವರ್ಷ ನ್ಯೂಟನ್ನನ ಪ್ರಿನ್ಸಿಪಿಯಾ ಅಚ್ಚಾಗಬೇಕಾದಾಗ ಸೊಸೈಟಿಯ ಬಳಿ ಹಣವಿರಲಿಲ್ಲ. ಹ್ಯಾಲಿ ತನ್ನ ಕೈಯಿಂದ ಖರ್ಚು ಹಾಕಿ ಅಚ್ಚು ಹಾಕಿಸಿದನು. ಅವನ ಸಂಬಳಕ್ಕೆ ಬದಲಾಗಿ ಸೊಸೈಟಿಯವರು ಮೀನಿನ ಪುಸ್ತಕದ ಪ್ರತಿಗಳನ್ನು ಹೊರಿಸಿದರು!

ರೇ ಭಾಷಾಪಂಡಿತನೂ ಆಗಿದ್ದನೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಊರೂರು ಸುತ್ತುವಾಗ ಗಿಡಗಳನ್ನು ಆಯ್ದಂತೆಯೇ ಮಾತುಗಳನ್ನೂ ಆಯ್ದನು. 1670ರಲ್ಲಿ ಇಂಗ್ಲಿಷ್ ಗಾದೆಗಳ ಸಂಗ್ರಹವನ್ನೂ, 1674ರಲ್ಲಿ ಶಿಷ್ಟರ ಬಳಕೆಯಲ್ಲಿಲ್ಲದ ಗ್ರಾಮ್ಯಪದಗಳ ಸಂಗ್ರಹವನ್ನೂ ಹೊರತಂದನು. ಉತ್ತರದ ನುಡಿಗಳು ಒಂದು ಕಡೆ, ದಕ್ಷಿಣ ಮತ್ತು ಪೂರ್ವದ ನುಡಿಗಳು ಇನ್ನೊಂದು ಕಡೆ. ಮರುವರ್ಷವೇ ಶಾಲಾಬಾಲಕರಿಗಾಗಿ ಇಂಗ್ಲಿಷ್, ಲ್ಯಾಟಿನ್, ಗ್ರೀಕ್ ಮೂರು ಭಾಷೆಗಳ ಕಿರುಕೋಶವನ್ನು, ಅಕ್ಷರಕ್ರಮದಲ್ಲಿ ಅಲ್ಲ, ನಮ್ಮ ಅಮರಕೋಶದಂತೆ ವಿಷಯವರ್ಗಗಳ ಕ್ರಮದಲ್ಲಿ ರಚಿಸಿದನು. ಅಮರಸಿಂಹನ ಸಿಂಹಾದಿವರ್ಗದಲ್ಲಿ ದುಂಬಿಗೆ ಮಧುವ್ರತ, ಮಧುಕರ, ದ್ವಿರೇಫ, ಭೃಂಗ ಮುಂತಾಗಿ ಎಷ್ಟೊಂದು ಹೆಸರುಗಳಿವೆ! ಬಾಲ್ಯದಲ್ಲಿ ಅವೆಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಭ್ರಮರವೆಂಬ ಶಬ್ದದಲ್ಲಿ ಎರಡು ರೇಫಗಳಿರುವುದರಿಂದ ದ್ವಿರೇಫವೆಂಬ ಹೆಸರಾಯಿತೆಂದು ಗುರುಗಳು ಹೇಳಿದಾಗ ಪುಳಕಿತನಾಗಿದ್ದೇನೆ. ಆದರೆ ಒಂದು ದುಂಬಿಯನ್ನು ಕುಳಿತು ನೋಡು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಒಂದು ವಸ್ತುವಿಗೆ ಹತ್ತು ಹೆಸರನ್ನು ಬಲ್ಲ ವಿದ್ಯೆ ನಮ್ಮದಾಯಿತು. ಹತ್ತು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಒಂದೊಂದಕ್ಕೆ ಒಂದು ಹೆಸರನ್ನಿಡುವ ವಿದ್ಯೆ ರೇಯದು. ಎರಡೂ ಬೇಕೆಂಬುದು ನನ್ನ ಅಭಿಮತ. ಎರಡನೆಯದು ನಮ್ಮಲ್ಲಿ ಕಡಿಮೆಯಾಯಿತೆಂಬುದೂ ನನ್ನ ಅಭಿಮತ.

1662ರ ಪ್ರಸಂಗವನ್ನೂ ಹೇಳಬೇಕು. ಇಂಗ್ಲೆಂಡಿನ ಒಳಜಗಳದ ಕಾಲದಲ್ಲಿ ಬಹುಜನರು ಒಂದು ಮತಪ್ರತಿಜ್ಞೆಯನ್ನು ಮಾಡಿದ್ದರು. ಅರಸೊತ್ತಿಗೆ ಮರಳಿದ ಮೇಲೆ ಬಂದ ಶಾಸನವು, ಆ ಪ್ರತಿಜ್ಞೆ ಮಾಡಿದವರನ್ನು ಅದು ಕಟ್ಟುವುದಿಲ್ಲವೆಂದು ಅಧ್ಯಾಪಕರೆಲ್ಲ ಘೋಷಿಸಬೇಕೆಂದು ವಿಧಿಸಿತು. ರೇ ಸ್ವತಃ ಆ ಪ್ರತಿಜ್ಞೆಯನ್ನು ಮಾಡಿದವನಲ್ಲ. ಆದರೂ, ಕೊಟ್ಟ ಮಾತು ಮಾತಲ್ಲವೆಂದು ನಾನು ಸಹಿ ಹಾಕಲಾರೆ ಎಂದು ಹುದ್ದೆಯನ್ನೇ ಬಿಟ್ಟು ಹೊರಬಂದನು. ಆಗ ಅವನಿಗೆ ಮೂವತ್ತನಾಲ್ಕು ವರ್ಷ, ಬೇರೆ ಆದಾಯವಿಲ್ಲ. ಒಂದು ಸಹಿ ಹಾಕಿದ್ದರೆ ಕೇಂಬ್ರಿಜ್ಜಿನಲ್ಲಿ ಸುಖವಾಗಿರಬಹುದಾಗಿತ್ತು. ಕಂಬಳಿಹುಳುವಿನ ತಪ್ಪನ್ನು ತಿದ್ದಿಕೊಂಡ ಮನಸ್ಸೂ ಈ ಮನಸ್ಸೂ ಒಂದೇ ಎಂದು ನಾನು ತಿಳಿದಿದ್ದೇನೆ.

ಕಡೆಯ ಇಪ್ಪತ್ತೈದು ವರ್ಷ ಅವನು ಹುಟ್ಟೂರಿನಲ್ಲಿಯೇ ಕಳೆದನು. ಕಾಲಿನ ಹುಣ್ಣುಗಳು ಅವನನ್ನು ಬಹಳ ಕಾಡಿದವು, ದೂರ ನಡೆಯುವಂತಿರಲಿಲ್ಲ. ಆಗ ಅವನಿಗೆ ಹುಳುಗಳನ್ನು ತಂದುಕೊಡುತ್ತಿದ್ದವರು ಅವನ ಹೆಣ್ಣುಮಕ್ಕಳು. ನಾಲ್ವರು ಹುಡುಗಿಯರು. ಬೇಲಿ ಬೇಲಿ ಹುಡುಕಿ ಕಂಬಳಿಹುಳುಗಳನ್ನು ತಂದು ಮನೆಯಲ್ಲಿ ಸಾಕುತ್ತಿದ್ದರು. ಯಾರು ತಂದದ್ದೆಂಬುದನ್ನು ತಂದೆ ಹೆಸರು ಸಹಿತ ಬರೆದಿಡುತ್ತಿದ್ದನು. ಒಂದು ರಾತ್ರಿ ಪಂಜರದೊಳಗಿನ ಕೋಶದಿಂದ ಹೆಣ್ಣು ಪತಂಗವೊಂದು ಹೊರಬಂದಿತ್ತು. ಕಿಟಕಿ ತೆರೆದಿತ್ತು. ಹೆಂಡತಿ ಮಾರ್ಗರೆಟ್ ಆಕಸ್ಮಿಕವಾಗಿ ಆ ಕೋಣೆಗೆ ಹೋದಾಗ ಗಂಡು ಪತಂಗಗಳೆರಡು ಅದರ ಸುತ್ತ ಹಾರುತ್ತಿದ್ದವು. ಆಕೆ ಅವನ್ನು ಹಿಡಿದಳು. ಹೆಣ್ಣಿನ ವಾಸನೆಗೆ ಅವು ಹೊರಗಿನಿಂದ ಬಂದಿರಬೇಕೆಂದು ರೇ ಬರೆದನು. ಆ ವಾಸನೆಯ ವಸ್ತುವನ್ನು ರೇಷ್ಮೆಪತಂಗದಿಂದ ಬೇರ್ಪಡಿಸಿ ಗುರುತಿಸಿದ್ದು ಜರ್ಮನಿಯಲ್ಲಿ 1959ರಲ್ಲಿ. ಇಂದು ನಮ್ಮ ರೈತರು ಹತ್ತಿಯ ಹೊಲದಲ್ಲಿ ಕಟ್ಟುವ ಮೋಹಕ ಬಲೆಗಳು ಇದೇ ತತ್ತ್ವದವು. ಮಕ್ಕಳಲ್ಲಿ ಮೇರಿ ಎಂಬುವಳು 1698ರಲ್ಲಿ ಕಾಮಾಲೆಯಿಂದ ತೀರಿಕೊಂಡಳು. ಆಕೆಗೆ ಹದಿನಾಲ್ಕು ವರ್ಷ ತುಂಬಿರಲಿಲ್ಲ. ಆ ದುಃಖದಿಂದ ಅವನು ಚೇತರಿಸಿಕೊಳ್ಳುವುದು ಕಷ್ಟವಾಯಿತು.

ಜಾನ್ ರೇ 1705ರ ಜನವರಿ 17ರಂದು ತೀರಿಕೊಂಡನು. ಕೀಟಚರಿತ್ರೆ ಪೂರ್ತಿಯಾಗಿರಲಿಲ್ಲ, ಮಿತ್ರರು 1710ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಕೀಟಗಳ ಒಟ್ಟು ಸಂಖ್ಯೆಯನ್ನು ಅವನು ಸಾವಿರಗಳ ಲೆಕ್ಕದಲ್ಲಿ ಊಹಿಸಿದ್ದನು. ಈಗ ಹೆಸರಿಟ್ಟು ವರ್ಣಿಸಿರುವ ಜಾತಿಗಳೇ ಸುಮಾರು ಹತ್ತು ಲಕ್ಷ.

ಇನ್ನು ನಮ್ಮ ಕುಂಡಲಿಗಕ್ಕೆ ಬರೋಣ. ನನ್ನ ಸಹೋದ್ಯೋಗಿಯೊಬ್ಬರು, "ಮಕ್ಕಳ ಮುಂದೆ ಹೀಗೆ ಗೂಡು ಒಡೆದು ತೋರಿಸಿದರೆ ಹಿರಿಯರ ವಾಣಿಯಲ್ಲಿ ಶ್ರದ್ಧೆ ಕಡಿಮೆಯಾಗುವುದಿಲ್ಲವೆ?" ಎಂದು ಆಕ್ಷೇಪಿಸಿದರು. ಈ ಆಕ್ಷೇಪ ಹಗುರವಾದದ್ದಲ್ಲ. ಚಕೋರ ಬೆಳದಿಂಗಳನ್ನು ಕುಡಿಯುತ್ತದೆಂಬುದನ್ನೂ ಹಂಸ ಹಾಲುನೀರನ್ನು ಬೇರ್ಪಡಿಸುತ್ತದೆಂಬುದನ್ನೂ ಕವಿಸಮಯವೆಂದು ಒಪ್ಪಿ ಆನಂದಿಸುವ ನಾವು ಇದೊಂದನ್ನೇಕೆ ಕೆದಕಬೇಕು? ನನ್ನ ಉತ್ತರ ಇಷ್ಟು. ನ್ಯಾಯಸೂತ್ರಕಾರನಾದ ಗೌತಮನ ಪ್ರಕಾರ ದೃಷ್ಟಾಂತವೆಂದರೆ ಯಾವುದರ ವಿಷಯದಲ್ಲಿ ಸಾಮಾನ್ಯ ಲೌಕಿಕನ ತಿಳಿವಳಿಕೆಯೂ ಪರೀಕ್ಷಕನ ತಿಳಿವಳಿಕೆಯೂ ಒಂದೇ ಆಗಿರುತ್ತದೆಯೋ ಅದು. ಪರೀಕ್ಷಕನು ಗೂಡನ್ನು ಒಡೆದು ಬೇರೆಯದನ್ನು ಕಂಡ ದಿನವೇ ಅದು ದೃಷ್ಟಾಂತದ ಪಟ್ಟವನ್ನು ಕಳೆದುಕೊಂಡಿತು. ಕವಿಸಮಯವಾಗಿ ಅದು ಉಳಿಯಲಿ. ಚಕೋರದ ಪಕ್ಕದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ವಚನಕಾರರ ಅನುಭವವಂತೂ ಕೀಡೆಯ ಮೇಲೆ ನಿಂತದ್ದಲ್ಲ. ಕೀಡೆಯ ಮಾತು ಬಿದ್ದರೆ ಅದು ಬೀಳುವುದಿಲ್ಲ. ಬೀಳುವುದು, ನೋಡದೆ ಹೇಳಿ, ನೋಡಿದವನನ್ನು ಗದರಿಸುವ ನನ್ನಂಥವನ ಮೇಲಿನ ಶ್ರದ್ಧೆ. ಅದು ಬೀಳಬೇಕಾದದ್ದೇ.

ಎಂಟನೆಯ ದಿನ ಆ ಹುಡುಗನನ್ನು ತರಗತಿಯ ಮುಂದೆ ಕರೆದು, ಗೂಡನ್ನು ಅವನ ಕೈಯಿಂದಲೇ ತೋರಿಸಿ ಪಾಠ ಹೇಳಿಸಿದೆನು. ಅವನು ಹೇಳಿದ ಮಾತಿನಲ್ಲಿ ವ್ಯಾಕರಣದ ದೋಷಗಳು ಎಷ್ಟೋ ಇದ್ದವು, ಅಂದು ತಿದ್ದಲಿಲ್ಲ. ಈಗ ಭ್ರಮರಕೀಟನ್ಯಾಯವನ್ನು ಪ್ರತಿವರ್ಷವೂ ಹಾಗೆಯೇ ಎರಡು ಭಾಗ ಮಾಡಿ ಹೇಳುತ್ತೇನೆ.

ಶಾಲೆಯ ಅಭಿಮಾನಿಗಳಲ್ಲಿ ನನ್ನದೊಂದು ವಿಜ್ಞಾಪನೆ. ದಾನಿಗಳು ಕಟ್ಟಡಗಳನ್ನು ಕೊಟ್ಟಿದ್ದಾರೆ, ಅವರ ಹೆಸರುಗಳು ಗೋಡೆಯ ಮೇಲಿವೆ, ಸಂತೋಷ. ಗಾಜಿನ ಮುಚ್ಚಳದ ಹತ್ತು ಮರದ ಪೆಟ್ಟಿಗೆಗಳು, ನಾಲ್ಕು ಭೂತಗನ್ನಡಿಗಳು, ಗಟ್ಟಿ ರಟ್ಟಿನ ಒಂದಿಷ್ಟು ದಫ್ತರಗಳು ಇವುಗಳ ಮೇಲೆ ಹೆಸರು ಕೆತ್ತಿಸಲು ಜಾಗವಿರುವುದಿಲ್ಲ. ಆದರೂ ಯಾರಾದರೂ ಕೊಟ್ಟರೆ ಹುಳು ಸಾಕಿ ನೋಡುವ ಕೆಲಸವನ್ನು ವಿಜ್ಞಾನದ ಅಧ್ಯಾಪಕರೂ ನಾನೂ ಕೂಡಿ ಈ ವರ್ಷವೇ ಆರಂಭಿಸುತ್ತೇವೆ. ಅಧ್ಯಾಪಕ ಮಿತ್ರರು ಇದನ್ನು ಪರೀಕ್ಷೆಯ ವಿಷಯವನ್ನಾಗಿ ಮಾತ್ರ ಮಾಡದಿರಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ಕೇಳುವುದು ಹಣವಲ್ಲ, ಮಾತು. ಕಣಜವೆಂಬುದನ್ನು ಕೆಲವು ಊರುಗಳಲ್ಲಿ ಕಡಜ ಎನ್ನುತ್ತಾರೆ. ಗೊದ್ದ, ಚಗಳಿ, ಕಟ್ಟಿರುವೆ, ಈಸಲು, ಜೀರುಂಡೆ, ಮಿಣುಕುಹುಳು ಇವುಗಳಿಗೆ ನಿಮ್ಮ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ? ಗೋಡೆಗೆ ಮಣ್ಣಿನ ಗೂಡು ಕಟ್ಟುವ ಹುಳುವಿಗೆ ನಿಮ್ಮ ಅಜ್ಜಿ ಏನೆಂದು ಹೆಸರು ಹೇಳುತ್ತಿದ್ದರು? ತಿಳಿದಷ್ಟನ್ನು, ಊರು ಮತ್ತು ತಾಲ್ಲೂಕಿನ ಹೆಸರಿನೊಡನೆ, ಒಂದು ಕಾಗದದಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿಕೊಡಿ. ಹುಳು ಯಾವುದೆಂಬ ಸಂಶಯವಿದ್ದರೆ ಅದರ ಬಣ್ಣ, ಕಾಲುಗಳ ಸಂಖ್ಯೆ, ಕಂಡ ತಿಂಗಳು ಇಷ್ಟನ್ನು ಬರೆದರೂ ಸಾಕು.